ಉದ್ಯೋಗ: ಗೃಹಿಣಿ

1948ರ ಜೂನ್ ಕೊನೆಯ ವಾರ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ನಾರ್ತ್ ಬೆನಿಂಗ್ಟನ್ ಅಂತ ಒಂದು ಪುಟ್ಟ ಊರು. ಅಲ್ಲಿನ ಅಂಚೆ ಕಚೇರಿಗೆ ಒಬ್ಬ ಹೆಂಗಸಿನ ಹೆಸರಿಗೆ ಇದ್ದಕ್ಕಿದ್ದಂತೆ ಕಾಗದಗಳು ಬರೋಕೆ ಶುರುವಾದವು. ಮೊದಲು ದಿನಕ್ಕೆ ಹತ್ತು ಹನ್ನೆರಡು, ಆಮೇಲೆ ಕಟ್ಟುಗಟ್ಟಲೆ. ಆಕೆ ಅಂಚೆ ಕಚೇರಿಯಲ್ಲಿದ್ದ ಅತಿ ದೊಡ್ಡ ಪೆಟ್ಟಿಗೆಯನ್ನೇ ಬಾಡಿಗೆಗೆ ಹಿಡಿಯಬೇಕಾಯಿತು. ಪೋಸ್ಟ್‌ಮಾಸ್ಟರ್ ಆಕೆಯ ಜೊತೆ ಮಾತು ಬಿಟ್ಟ. ಆ ಒಂದೇ ಬೇಸಿಗೆಯಲ್ಲಿ ಬಂದದ್ದು ಮುನ್ನೂರಕ್ಕೂ ಹೆಚ್ಚು ಕಾಗದ. ಅದರಲ್ಲಿ ನಾಲ್ಕು ಒಳ್ಳೆ ಮಾತಿದ್ದದ್ದು ಹದಿಮೂರರಲ್ಲಿ ಮಾತ್ರ, ಅವನ್ನು ಬರೆದವರೂ ಹೆಚ್ಚಿನವರು ಸ್ನೇಹಿತರೇ. ಈ ಲೆಕ್ಕ ನನ್ನದಲ್ಲ, ಆಕೆಯೇ ಮುಂದೊಂದು ಭಾಷಣದಲ್ಲಿ ಕೊಟ್ಟಿದ್ದು.

ಟ್ರೋಲಿಂಗ್ ಅನ್ನೋ ಪದ ಹುಟ್ಟೋಕೆ ದಶಕಗಳ ಮೊದಲೇ ಇಷ್ಟು ಬೈಗುಳ ತಿಂದ ಆಕೆಯ ಹೆಸರು ಶರ್ಲಿ ಜಾಕ್ಸನ್. ಬೈಗುಳಕ್ಕೆ ಕಾರಣ 'ದ ನ್ಯೂಯಾರ್ಕರ್' ಪತ್ರಿಕೆಯ ಜೂನ್ 26ರ ಸಂಚಿಕೆಯಲ್ಲಿ ಬಂದ ಒಂದು ಸಣ್ಣಕತೆ, 'ದ ಲಾಟರಿ'. ಹೆಚ್ಚೆಂದರೆ ಇಪ್ಪತ್ತು ನಿಮಿಷದ ಓದು. ಇನ್ನೂ ಓದಿಲ್ಲದವರು ಈ ಪುಟಕ್ಕೊಂದು ಗುರುತಿಟ್ಟು, ಅದನ್ನು ಓದಿಕೊಂಡು ಬನ್ನಿ. ಯಾಕಂದ್ರೆ ಮುಂದಿನ ಪ್ಯಾರಾದಲ್ಲೇ ಗುಟ್ಟು ಬಿಟ್ಟುಕೊಡ್ತಿದ್ದೀನಿ.

ಸುಮಾರು ಮುನ್ನೂರು ಜನರ ಹಳ್ಳಿ. ಜೂನ್ 27ರ ಬೆಳಗ್ಗೆ ಹತ್ತು ಗಂಟೆಗೆ ಊರೆಲ್ಲ ಅಂಚೆ ಕಚೇರಿಗೂ ಬ್ಯಾಂಕಿಗೂ ನಡುವಿನ ಬಯಲಲ್ಲಿ ಸೇರುತ್ತೆ. ಹುಡುಗರು ಕಲ್ಲು ಆಯ್ದು ಗುಡ್ಡೆ ಹಾಕ್ತಿದ್ದಾರೆ. ಗಂಡಸರು ಬಿತ್ತನೆ, ಮಳೆ, ಟ್ರ್ಯಾಕ್ಟರು, ತೆರಿಗೆ ಅಂತ ಮಾತಾಡ್ಕೊಂಡು ನಿಂತಿದ್ದಾರೆ. ಟೆಸಿ ಹಚಿನ್ಸನ್ ಅನ್ನೋ ಹೆಂಗಸು ತಡವಾಗಿ ಓಡಿ ಬರ್ತಾಳೆ, ಇವತ್ತು ಯಾವ ದಿನ ಅನ್ನೋದೇ ಅವಳಿಗೆ ಮರೆತುಹೋಗಿತ್ತು. ಪಾತ್ರೆಗಳನ್ನು ಸಿಂಕಿನಲ್ಲೇ ಬಿಟ್ಟು ಬರೋಕಾಗುತ್ತಾ ಅಂತ ನಗೆಯಾಡ್ತಾಳೆ, ಎಲ್ಲರೂ ನಗ್ತಾರೆ. ಒಂದು ಹಳೇ ಕಪ್ಪು ಪೆಟ್ಟಿಗೆಯಿಂದ ಮನೆಗೊಬ್ಬರಂತೆ ಚೀಟಿ ಎತ್ತುತ್ತಾರೆ. ಕಪ್ಪು ಚುಕ್ಕೆ ಇರೋ ಚೀಟಿ ಹಚಿನ್ಸನ್ ಮನೆಗೆ ಬರುತ್ತೆ. ಆಮೇಲೆ ಆ ಮನೆಯವರೊಳಗೆ ಇನ್ನೊಂದು ಸುತ್ತು, ಈ ಸಲ ಅದು ಬರೋದು ಟೆಸಿಗೆ. ಗುಡ್ಡೆ ಹಾಕಿದ್ದ ಕಲ್ಲು ಯಾತಕ್ಕೆ ಅಂತ ನಮಗೆ ತಿಳಿಯೋದು ಆಗಲೇ. ಎರಡು ಗಂಟೆಯೊಳಗೆ ಎಲ್ಲ ಮುಗಿಯುತ್ತೆ, ಜನ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು.

ಹಳ್ಳಿಯಲ್ಲಿ ಬೆಳೆದ ನನ್ನಂಥವನಿಗೆ ಈ ಕತೆಯಲ್ಲಿ ಹೆಚ್ಚು ಹೆದರಿಕೆ ಹುಟ್ಟಿಸೋದು ಕಲ್ಲಲ್ಲ, ಆ ಟ್ರ್ಯಾಕ್ಟರು, ತೆರಿಗೆಯ ಮಾತು. ಯಾಕಂದ್ರೆ ಅರಳಿಕಟ್ಟೆ ಮೇಲಿನ ಮಾತೂ ಅದೇ ತಾನೆ! ನಾನು ಹುಡುಗನಾಗಿದ್ದಾಗ ನಮ್ಮೂರಲ್ಲಿ ಒಂದು ಮನೆಯವರನ್ನು ಯಾರೂ ಮದುವೆ ಮುಂಜಿಗೆ ಕರೀತಿರಲಿಲ್ಲ. ಯಾಕೆ ಅಂತ ಕೇಳಿದ್ರೆ ಒಬ್ಬೊಬ್ಬರದು ಒಂದೊಂದು ಉತ್ತರ, ಕೊನೆಗೆ ಎಲ್ಲರೂ ಬಂದು ನಿಲ್ತಿದ್ದದ್ದು "ಮೊದಲಿಂದ್ಲೂ ಹಂಗೇ ಕಣೋ" ಅನ್ನೋದಕ್ಕೆ. ಕರೆಯದವರು ಯಾರೂ ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ರಾತ್ರಿ ಹೊತ್ತಲ್ಲಿ ಬೈಕಿನಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದವರು ಅವರೇ.

ನಮ್ಮ ಕೆಲಸದಲ್ಲೂ ಇದರ ಪರಿಚಯ ಇದೆ. ಹತ್ತು ವರ್ಷ ಹಳೇ ಕೋಡ್‌ನಲ್ಲಿ ಒಂದು ಫಂಕ್ಷನ್ ಇರುತ್ತೆ. ಬರೆದವನು ಕಂಪನಿ ಬಿಟ್ಟಿರ್ತಾನೆ, ಡಾಕ್ಯುಮೆಂಟ್ ಇರಲ್ಲ, ಅದು ಯಾಕಿದೆ ಅಂತ ಯಾರಿಗೂ ಗೊತ್ತಿಲ್ಲ. ತೆಗೆಯೋಣ ಅಂದ್ರೆ ಸೀನಿಯರ್ ಒಬ್ಬರು ತಲೆಯಲ್ಲಾಡಿಸ್ತಾರೆ. 'ದ ಲಾಟರಿ'ಯ ಹಳ್ಳಿಯೂ ಹಾಗೇ. ಆಚರಣೆಯ ಜೊತೆಗಿದ್ದ ಹಾಡು ಮರೆತುಹೋಗಿದೆ, ಮೊದಲಿನ ಪೆಟ್ಟಿಗೆ ಕಳೆದುಹೋಗಿದೆ, ಮರದ ಚಕ್ಕೆ ಹೋಗಿ ಕಾಗದದ ಚೀಟಿ ಬಂದಿದೆ. ಕಲ್ಲು ಹೊಡೆಯೋದು ಮಾತ್ರ ನೆನಪಿದೆ. ಪಕ್ಕದ ಹಳ್ಳಿಗಳವರು ಲಾಟರಿ ನಿಲ್ಲಿಸೋ ಮಾತಾಡ್ತಿದ್ದಾರಂತೆ ಅಂದಾಗ, ಎಪ್ಪತ್ತೇಳನೇ ಸಲ ಚೀಟಿ ಎತ್ತೋಕೆ ನಿಂತ ಮುದುಕನೊಬ್ಬ ಅವರನ್ನೆಲ್ಲ ಮೂರ್ಖರು ಅಂತ ಬೈತಾನೆ.

ಆ ಕಾಲದ ಓದುಗರಿಗೆ ಇಷ್ಟು ಸಿಟ್ಟು ಬಂದದ್ದು ಯಾಕೆ? ಎರಡನೇ ಮಹಾಯುದ್ಧ ಮುಗಿದು ಮೂರೇ ವರ್ಷ. ಕ್ರೌರ್ಯ ಅನ್ನೋದು ಸಮುದ್ರದಾಚೆ, ಬೇರೆ ಸಮವಸ್ತ್ರ ತೊಟ್ಟವರ ಕೆಲಸ ಅಂತ ನಂಬಿದ್ದ ಸಮಾಜ ಅದು. ಈಕೆ ನೋಡಿದ್ರೆ ಅದನ್ನು ತಂದು ಅವರದೇ ಊರಿನ ಬ್ಯಾಂಕಿನ ಮುಂದೆ ನಿಲ್ಲಿಸಿಬಿಟ್ಟರು. ಅಷ್ಟೇ ಅಲ್ಲ, ಆಗ 'ದ ನ್ಯೂಯಾರ್ಕರ್' ಯಾವುದು ಕತೆ, ಯಾವುದು ವರದಿ ಅಂತ ಹೆಸರು ಹಾಕಿ ಗುರುತಿಸ್ತಿರಲಿಲ್ಲ. ಎಷ್ಟೋ ಜನ ನಿಜ ಅಂತಲೇ ನಂಬಿದರು. ಎ. ಎಲ್. ಕ್ರೋಬರ್‌ರಂಥ ದೊಡ್ಡ ಮಾನವಶಾಸ್ತ್ರಜ್ಞರೇ ಸಿಡುಕಿ ಕಾಗದ ಬರೆದರು. ಆದರೆ ಶರ್ಲಿಯನ್ನು ದಂಗುಬಡಿಸಿದ್ದು ಬೈದ ಕಾಗದಗಳಿಗಿಂತ ಇನ್ನೊಂದು ಜಾತಿಯವು. ಈ ಲಾಟರಿ ಎಲ್ಲಿ ನಡೆಯುತ್ತೆ, ನಾವು ಹೋಗಿ ನೋಡಬಹುದಾ ಅಂತ ವಿಚಾರಿಸಿದ ಕಾಗದಗಳು!

ದಕ್ಷಿಣ ಆಫ್ರಿಕಾ ಈ ಕತೆಯನ್ನು ನಿಷೇಧಿಸಿತು. ವರ್ಣಭೇದವನ್ನೇ ಕಾನೂನು ಮಾಡಿದ ಸರ್ಕಾರ ಅಲ್ಲಿ ಅಧಿಕಾರಕ್ಕೆ ಬಂದದ್ದೂ 1948ರಲ್ಲೇ. ಆ ನಿಷೇಧದ ಬಗ್ಗೆ ಶರ್ಲಿಗೆ ಹೆಮ್ಮೆ ಇತ್ತಂತೆ, ಅವರಿಗಾದರೂ ಕತೆ ಅರ್ಥವಾಯಿತಲ್ಲ ಅಂತ.

ಸರಿ, ಯಾರೀಕೆ? ಹುಟ್ಟಿದ್ದು 1916ರ ಡಿಸೆಂಬರ್ 14, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಅನುಕೂಲಸ್ಥ ಮನೆತನ. ಮಗಳು ಚೆಂದವಾಗಿ, ತೆಳ್ಳಗೆ, ನಾಲ್ಕು ಜನ ಮೆಚ್ಚೋ ಹಾಗೆ ಇರಬೇಕು ಅಂತ ಬಯಸಿದ ತಾಯಿ. ಮಗಳು ನೋಡಿದ್ರೆ ಕೋಣೆ ಸೇರಿ ಬರೀತಾ ಕೂರೋಳು. ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸ್ಟ್ಯಾನ್ಲಿ ಎಡ್ಗರ್ ಹೈಮನ್ ಅನ್ನೋ ಯಹೂದಿ ಹುಡುಗನ ಪರಿಚಯವಾಯಿತು. ಇಬ್ಬರೂ ಸೇರಿ ಕಾಲೇಜಲ್ಲಿ ಪತ್ರಿಕೆ ನಡೆಸಿದರು, 1940ರಲ್ಲಿ ಮದುವೆಯಾದರು. ಎರಡೂ ಮನೆಯವರಿಗೆ ಇಷ್ಟವಿರಲಿಲ್ಲ. ಸ್ಟ್ಯಾನ್ಲಿ ವಿಮರ್ಶಕರಾದರು, ಬೆನಿಂಗ್ಟನ್ ಕಾಲೇಜಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿ 1945ರಲ್ಲಿ ಸಂಸಾರ ನಾರ್ತ್ ಬೆನಿಂಗ್ಟನ್‌ಗೆ ಬಂತು. ಮುಂದೆ ನಾಲ್ಕು ಮಕ್ಕಳು, ಲೆಕ್ಕವಿಲ್ಲದಷ್ಟು ಬೆಕ್ಕುಗಳು, ಗೋಡೆ ಕಾಣದಷ್ಟು ಪುಸ್ತಕಗಳು.

'ದ ಲಾಟರಿ' ಹುಟ್ಟಿದ್ದು ಹೇಗೆ ಅಂತ ಆಕೆ ಹೇಳಿದ್ದು ಇಷ್ಟು: ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸ್ಕೊಂಡು, ಮನೆಸಾಮಾನು ಹೊತ್ತುಕೊಂಡು ಗುಡ್ಡ ಹತ್ತುತ್ತಿದ್ದಾಗ ಹೊಳೆಯಿತು, ಮನೆಗೆ ಬಂದು ಮಗುವನ್ನು ಆಡೋಕೆ ಬಿಟ್ಟು, ತರಕಾರಿ ಫ್ರಿಜ್ಜಿನಲ್ಲಿಟ್ಟು, ಕೂತು ಬರೆದೆ, ಎರಡು ಗಂಟೆಯೊಳಗೆ ಮುಗಿಯಿತು. ಪತ್ರಿಕೆಯವರು ಕೇಳಿದ್ದು ಒಂದೇ ತಿದ್ದುಪಡಿ, ಕತೆಯೊಳಗಿನ ತಾರೀಕು ಸಂಚಿಕೆಯ ತಾರೀಕಿಗೆ ಹೊಂದುವಂತಿರಲಿ ಅಂತ. ಜೂನ್ ತಿಂಗಳ ಒಂದು ಬೆಳಗ್ಗೆ ಬರೆದೆ ಅಂತ ಆಕೆ ಹೇಳಿದರೂ, ಕತೆ ಪತ್ರಿಕೆಗೆ ತಲುಪಿದ್ದು ಅದಕ್ಕೂ ಮೊದಲೇ ಅಂತ ದಾಖಲೆ ನೋಡಿದವರು ಬರೆದಿದ್ದಾರೆ. ಕತೆಗಾರ್ತಿಯಲ್ವಾ, ತನ್ನ ಕತೆಯ ಕತೆಯನ್ನೂ ಸ್ವಲ್ಪ ತಿದ್ದಿರಬಹುದು. ಆದರೆ ತಳ್ಳುಗಾಡಿ, ತರಕಾರಿ ಇವೆರಡನ್ನು ಆಕೆ ಬಿಡಲಿಲ್ಲ ಅನ್ನೋದು ಗಮನಿಸಬೇಕಾದ ಮಾತು.

ಈಗ ಬಹಳ ಜನ ಗಮನಿಸದ ಇನ್ನೊಂದು ಸಂಗತಿ. 'ದ ಲಾಟರಿ' ಬಂದ ಮರುತಿಂಗಳು, 1948ರ ಜುಲೈನಲ್ಲಿ, 'ಮ್ಯಾಡಮೊಸೆಲ್' ಅನ್ನೋ ಹೆಂಗಸರ ಪತ್ರಿಕೆಯಲ್ಲಿ ಇದೇ ಶರ್ಲಿ ಜಾಕ್ಸನ್ ಬರೆದ 'ಚಾರ್ಲ್ಸ್' ಅನ್ನೋ ನಗೆಬರಹ ಬಂತು. ಲಾರಿ ಅನ್ನೋ ಪುಟ್ಟ ಹುಡುಗ ಹೊಸದಾಗಿ ಸ್ಕೂಲಿಗೆ ಹೋಗೋಕೆ ಶುರುಮಾಡಿದ್ದಾನೆ. ದಿನಾ ಮನೆಗೆ ಬಂದು ತರಗತಿಯ ತುಂಟ ಚಾರ್ಲ್ಸ್‌ನ ಪ್ರತಾಪ ಹೇಳ್ತಾನೆ: ಇವತ್ತು ಟೀಚರಿಗೆ ಹೊಡೆದ, ಇವತ್ತು ಕಿರುಚಿದ. ಆ ಚಾರ್ಲ್ಸ್‌ನ ಅಮ್ಮ ಎಂಥವಳಿರಬಹುದು ಅಂತ ನೋಡೋ ಕುತೂಹಲದಲ್ಲಿ ಇವನಮ್ಮ ಪೋಷಕರ ಸಭೆಗೆ ಹೋಗ್ತಾಳೆ. ಟೀಚರು ಹೇಳ್ತಾರೆ, ನಮ್ಮ ತರಗತಿಯಲ್ಲಿ ಚಾರ್ಲ್ಸ್ ಅನ್ನೋ ಹುಡುಗನೇ ಇಲ್ಲವಲ್ಲ!

ಓದಿದವರು ನಕ್ಕರು. ಇದಕ್ಕೆ ಯಾರೂ ಬೈಗುಳದ ಕಾಗದ ಬರೆಯಲಿಲ್ಲ. ಆದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. 'ದ ಲಾಟರಿ'ಯ ಕೊನೆಯಲ್ಲಿ ಯಾರೋ ಟೆಸಿಯ ಪುಟ್ಟ ಮಗ ಡೇವಿಯ ಕೈಗೆ ನಾಲ್ಕು ಸಣ್ಣ ಕಲ್ಲು ಕೊಡ್ತಾರೆ. ಅವನಮ್ಮನಿಗೇ ಹೊಡೆಯೋದಕ್ಕೆ. 'ಚಾರ್ಲ್ಸ್'ನಲ್ಲಿ ಅಮ್ಮನಿಗೆ ತನ್ನ ಮಗ ಯಾರು ಅನ್ನೋದೇ ಗೊತ್ತಿಲ್ಲ. ಮನೆ ಬಾಗಿಲು ದಾಟಿದ ಮಗುವನ್ನು ಊರು ಏನು ಮಾಡುತ್ತೆ, ಅದು ಸಂಜೆ ಯಾರಾಗಿ ವಾಪಸ್ ಬರುತ್ತೆ ಅನ್ನೋ ತಾಯಿಯ ಅಂಜಿಕೆ ಎರಡರಲ್ಲೂ ಇದೆ. ಒಂದಕ್ಕೆ ಭಯಾನಕ ಅಂತ ಹೆಸರಿಟ್ಟರು, ಇನ್ನೊಂದಕ್ಕೆ ಹಾಸ್ಯ ಅಂತ. ಬರೆದ ಕೈ ಒಂದೇ.

ಅದೇ ವರ್ಷದ ಕೊನೆಗೆ ಶರ್ಲಿಗೆ ಮೂರನೇ ಹೆರಿಗೆಯಾಯಿತು. ಮುಂದೆ ಆಕೆ ಬರೆದ ಸಂಸಾರದ ಲಹರಿಗಳಲ್ಲಿ ಮೂರನೇ ಹೆರಿಗೆಗೆ ಆಸ್ಪತ್ರೆ ಸೇರುವ ಪ್ರಸಂಗ ಒಂದಿದೆ. ನೋವು ತಿನ್ನುತ್ತಾ ನಿಂತವಳನ್ನು ಗುಮಾಸ್ತೆ ಉದ್ಯೋಗ ಏನು ಅಂತ ಕೇಳ್ತಾಳೆ. ಲೇಖಕಿ ಅಂತಾರೆ ಇವರು. ಗೃಹಿಣಿ, ಅಂತಾಳೆ ಆಕೆ. ಇವರು ಮತ್ತೆ ಲೇಖಕಿ ಅಂದರೂ, ಗೃಹಿಣಿ ಅಂತಲೇ ಬರ್ಕೋತೀನಿ ಬಿಡಿ ಅಂತ ಮುಗಿಸಿಬಿಡ್ತಾಳೆ. ಅಮೆರಿಕದ ತುಂಬ ಜನ ಈಕೆಯ ಒಂದು ಕತೆ ಓದಿ ನಿದ್ದೆಗೆಟ್ಟಿದ್ದ ವರ್ಷ ಅದು!

ಈ ಪ್ರಸಂಗ ಓದಿದಾಗ ನನಗೆ ನಗು ಬರಲಿಲ್ಲ. ನನ್ನ ಶಾಲೆ, ಪಿಯುಸಿ, ಸಿಇಟಿ, ಹಾಸ್ಟೆಲ್ಲು ಎಲ್ಲ ಅರ್ಜಿಗಳಲ್ಲೂ ತಂದೆಯ ಉದ್ಯೋಗ ವ್ಯವಸಾಯ, ತಾಯಿಯ ಉದ್ಯೋಗ ಗೃಹಿಣಿ. ಅಮ್ಮ ಬೆಳಗ್ಗೆ ನಾಲ್ಕೂವರೆಗೆ ಎದ್ದು ಹಸು ಕರೆದು ಡೈರಿಗೆ ಹಾಲು ಹಾಕಿ ಬರೋಳು. ನನ್ನ ಬಿಇ ಹಾಸ್ಟೆಲ್ ಫೀಸು ಕಟ್ಟಿದ್ದು ಆ ಹಾಲಿನ ದುಡ್ಡು. ರಾತ್ರಿ ಕರೆಂಟು ಹೋದಾಗ ಅವರೆಕಾಯಿ ಬಿಡಿಸ್ತಾ ಕೊಳ್ಳಿದೆವ್ವದ ಕತೆ ಹೇಳೋಳು. ಗದ್ದೆ ಬದುವಿನ ಮೇಲೆ ಬೆಂಕಿ ಎದ್ದು ಕೂತು, ಮತ್ತೆ ಎದ್ದು ಹತ್ತಿರ ಬರೋದನ್ನು ಅವಳು ಹೇಳ್ತಿದ್ದರೆ ಬಚ್ಚಲಿಗೆ ಒಬ್ಬನೇ ಹೋಗೋಕೆ ನನಗೆ ಧೈರ್ಯ ಸಾಲ್ತಿರಲಿಲ್ಲ. ಹೈನುಗಾರಿಕೆಗೂ ಕತೆಗೂ ಆ ಅರ್ಜಿಗಳಲ್ಲಿ ಜಾಗ ಇರಲಿಲ್ಲ. ಇದ್ದ ಒಂದೇ ಗೆರೆಯಲ್ಲಿ ಹಿಡಿಸಿದ್ದು ಆ ಒಂದೇ ಪದ.

ಶರ್ಲಿಯ ಮನೆಯಲ್ಲೂ ಸಂಸಾರದ ತೂಕ ಹೆಚ್ಚು ಬಿದ್ದದ್ದು ಆ 'ಗೃಹಿಣಿ'ಯ ಟೈಪ್‌ರೈಟರ್ ಮೇಲೆಯೇ. ಹಲವು ವರ್ಷ ಆಕೆಯ ಗಳಿಕೆ ಗಂಡನ ಗಳಿಕೆಗಿಂತ ಹೆಚ್ಚಿತ್ತು. 'ಗುಡ್ ಹೌಸ್‌ಕೀಪಿಂಗ್', 'ವುಮನ್ಸ್ ಡೇ' ತರದ ಪತ್ರಿಕೆಗಳು ಆಕೆಯ ಸಂಸಾರದ ಲಹರಿಗಳಿಗೆ ಒಳ್ಳೆ ಸಂಭಾವನೆ ಕೊಡ್ತಿದ್ದವು. ಬಾಯ್ಲರು ಕೆಟ್ಟದ್ದು, ಮನೆಮಂದಿಗೆಲ್ಲ ಶೀತವಾಗಿ ರಾತ್ರಿಯೆಲ್ಲ ಹಾಸಿಗೆ ಬದಲಾಯಿಸಿದ್ದು, ಮಕ್ಕಳ ಜಗಳ, ಇಂಥವು. ಇವೆಲ್ಲ ಸೇರಿ 1953ರಲ್ಲಿ 'ಲೈಫ್ ಅಮಂಗ್ ದ ಸ್ಯಾವೇಜಸ್', 1957ರಲ್ಲಿ 'ರೈಸಿಂಗ್ ಡೀಮನ್ಸ್' ಅಂತ ಎರಡು ಪುಸ್ತಕಗಳಾದವು. ಹೆಸರುಗಳನ್ನೇ ನೋಡಿ: ಒಂದರಲ್ಲಿ ಮಕ್ಕಳು ಕಾಡುಜನ, ಇನ್ನೊಂದರಲ್ಲಿ ದೆವ್ವಗಳು. ಇಂದಿನ ಪೇರೆಂಟಿಂಗ್ ಬ್ಲಾಗುಗಳ ಮುತ್ತಜ್ಜಿಯರು ಅಂತ ಇವನ್ನು ಕರೆಯಬಹುದು.

ಬರೆಯೋಕೆ ಸಮಯ ಎಲ್ಲಿತ್ತು ಅನ್ನೋದಕ್ಕೂ ಆಕೆಯೇ ಒಂದು ಭಾಷಣದಲ್ಲಿ ಉತ್ತರ ಕೊಟ್ಟಿದ್ದಾರೆ. ಹಾಸಿಗೆ ಸರಿಮಾಡುವಾಗ, ಪಾತ್ರೆ ತೊಳೆಯುವಾಗ, ಮಕ್ಕಳ ಷೂ ತರೋಕೆ ಹೋಗುವಾಗ ತಲೆಯೊಳಗೆ ತನಗೆ ತಾನೇ ಕತೆ ಹೇಳಿಕೊಳ್ತಾ ಇರೋದು. ಮಕ್ಕಳು ಮಲಗಿದ ಮೇಲೆ ಅದನ್ನು ಟೈಪ್ ಮಾಡೋದು.

ಇದಕ್ಕೆ ಎರಡೂ ಕಡೆಯಿಂದ ಪೆಟ್ಟು ಬಿತ್ತು. ಗಂಭೀರ ಸಾಹಿತ್ಯದವರಿಗೆ ಆಕೆ ಹೆಂಗಸರ ಪತ್ರಿಕೆಯ ಹಾಸ್ಯಗಾರ್ತಿ ಅಥವಾ ದೆವ್ವದ ಕತೆಯವಳು. 1963ರಲ್ಲಿ 'ದ ಫೆಮಿನಿನ್ ಮಿಸ್ಟೀಕ್' ಬರೆದ ಬೆಟಿ ಫ್ರೀಡನ್, ತಾವೇ ದುಡಿಯುವ ಲೇಖಕಿಯರಾಗಿದ್ದೂ ಬರೀ ಗೃಹಿಣಿಯರಂತೆ ತೋರಿಸ್ಕೊಂಡು ಮನೆಯ ಸಂಕಟಗಳನ್ನು ನಗೆಯಲ್ಲಿ ತೇಲಿಸಿಬಿಡ್ತಾರೆ ಅಂತ ಕೆಲವರನ್ನು ಟೀಕಿಸಿದರು. ಆ ಪಟ್ಟಿಯಲ್ಲಿ ಶರ್ಲಿಯ ಹೆಸರೂ ಇತ್ತು. ಫ್ರೀಡನ್ ಮಾತಲ್ಲಿ ಸತ್ಯ ಇಲ್ಲದಿಲ್ಲ, ಆ ಪುಸ್ತಕಗಳಲ್ಲಿ ಹೇಳದೆ ಉಳಿದದ್ದು ಬಹಳ. ಸ್ಟ್ಯಾನ್ಲಿ ಆಕೆಯ ಮೊದಲ ಓದುಗ, ಆಕೆ ಅಪ್ರತಿಮ ಲೇಖಕಿ ಅಂತ ನಂಬಿದ್ದವರು. ಆದರೆ ಮನೆಗೆಲಸದಲ್ಲಿ ಕೈಹಾಕಿದವರಲ್ಲ. ಬೇರೆ ಹೆಂಗಸರ ಸಂಬಂಧಗಳೂ ಇದ್ದವು. ಲಹರಿಗಳಲ್ಲಿ ಗಂಡ ಪೇಪರ್ ಓದ್ತಾ ಕೂತ ಒಬ್ಬ ಮಜವಾದ ಮನುಷ್ಯ, ಅಷ್ಟೇ.

ಹೇಳದೆ ಉಳಿದದ್ದು ಎಲ್ಲಿ ಹೋಯಿತು ಅಂದ್ರೆ, ಕಾದಂಬರಿಗಳೊಳಕ್ಕೆ ಹೋಯಿತು. 1959ರ 'ದ ಹಾಂಟಿಂಗ್ ಆಫ್ ಹಿಲ್ ಹೌಸ್' ಇವತ್ತಿಗೂ ದೆವ್ವದ ಮನೆಯ ಕತೆಗಳಿಗೆಲ್ಲ ಮೇಲ್ಪಂಕ್ತಿ. ನಾಯಕಿ ಎಲಿನರ್‌ಗೆ ಮೂವತ್ತೆರಡು ವರ್ಷ, ಅದರಲ್ಲಿ ಹನ್ನೊಂದು ವರ್ಷ ಹಾಸಿಗೆ ಹಿಡಿದ ತಾಯಿಯ ಸೇವೆಯಲ್ಲೇ ಕಳೆದಿದೆ. ತನ್ನದು ಅನ್ನೋ ಮನೆಯೇ ಇಲ್ಲದ ಅವಳಿಗೆ ಬಾ ಅಂತ ತೋಳು ಚಾಚಿದ್ದು ಆ ಕೆಟ್ಟ ಮನೆಯೊಂದೇ. ಅಲ್ಲಿ ದೆವ್ವ ಇತ್ತಾ, ಇಲ್ಲವಾ ಅಂತ ಪುಸ್ತಕ ಕೊನೆಗೂ ಹೇಳಲ್ಲ. ಸಂಸಾರದ ಲಹರಿಯಲ್ಲೂ ಮನೆ, ಇಲ್ಲೂ ಮನೆ. ಒಂದರಲ್ಲಿ ದೀಪ ಹಾಕಿದೆ, ಇನ್ನೊಂದರಲ್ಲಿ ಆರಿಸಿದೆ. ಇದು ನ್ಯಾಷನಲ್ ಬುಕ್ ಅವಾರ್ಡ್‌ನ ಅಂತಿಮ ಸುತ್ತಿಗೆ ಹೋಯಿತು, 1963ರಲ್ಲಿ ಸಿನಿಮಾ ಆಯಿತು, 2018ರಲ್ಲಿ ನೆಟ್‌ಫ್ಲಿಕ್ಸ್ ಸರಣಿಯಾಗಿ ನಮ್ಮಲ್ಲಿ ಹಲವರ ವಾರಾಂತ್ಯದ ನಿದ್ದೆ ಕೆಡಿಸಿತು. ಸ್ಟೀಫನ್ ಕಿಂಗ್ 1980ರ ತಮ್ಮ 'ಫೈರ್‌ಸ್ಟಾರ್ಟರ್' ಕಾದಂಬರಿಯನ್ನು ಅರ್ಪಿಸಿದ್ದು ಶರ್ಲಿಯ ನೆನಪಿಗೆ.

ಇಂಥದ್ದೆಲ್ಲ ಬರೆಯೋ ಹೆಂಗಸಿಗೆ ಮಾಟಗಾತಿ ಅನ್ನೋ ಹೆಸರು ಅಂಟಿಕೊಳ್ಳೋದು ತಡವಾಗಲಿಲ್ಲ. ಆಕೆ ಮಾಟದ ಪುಸ್ತಕ ಓದ್ತಿದ್ದದ್ದು, ಟ್ಯಾರೋ ಎಲೆ ಹಾಕಿ ಭವಿಷ್ಯ ಹೇಳ್ತಿದ್ದದ್ದು ನಿಜ. ಪ್ರಕಾಶಕರೂ ಅದನ್ನೇ ಪ್ರಚಾರಕ್ಕೆ ಬಳಸಿಕೊಂಡರು, ಆಕೆಯೂ ತಮಾಷೆಗೆ ಒಪ್ಪಿಕೊಂಡರು. ಆದರೆ ಆ ಹೆಸರಿನ ಇತಿಹಾಸ ಎಂಥದ್ದು ಅಂತ ಆಕೆಗಿಂತ ಚೆನ್ನಾಗಿ ಗೊತ್ತಿದ್ದವರು ಕಡಿಮೆ. 1956ರಲ್ಲಿ ಮಕ್ಕಳಿಗಾಗಿ 'ದ ವಿಚ್‌ಕ್ರಾಫ್ಟ್ ಆಫ್ ಸೇಲಂ ವಿಲೇಜ್' ಅಂತ ಇತಿಹಾಸದ ಪುಸ್ತಕ ಬರೆದರು. 1692ರಲ್ಲಿ ಸೇಲಂನಲ್ಲಿ ಮಾಟದ ಆರೋಪ ಹೊರಿಸಿ 19 ಜನರನ್ನು ಗಲ್ಲಿಗೇರಿಸಿದರು, ಒಬ್ಬ ಮುದುಕನ ಮೈಮೇಲೆ ಕಲ್ಲು ಹೇರಿ ಸಾಯಿಸಿದರು. ಅಲ್ಲೂ ಊರೇ ಸೇರಿತ್ತು, ಅಲ್ಲೂ ಎಲ್ಲ ಒಳ್ಳೆಯವರೇ.

1962ರಲ್ಲಿ ಕೊನೆಯ ಪೂರ್ಣ ಕಾದಂಬರಿ 'ವಿ ಹ್ಯಾವ್ ಆಲ್ವೇಸ್ ಲಿವ್ಡ್ ಇನ್ ದ ಕ್ಯಾಸಲ್' ಬಂತು. ಊರವರ ದ್ವೇಷಕ್ಕೆ ಸಿಕ್ಕು ಮನೆಯೊಳಗೇ ಬಾಗಿಲು ಹಾಕಿಕೊಳ್ಳೋ ಅಕ್ಕ ತಂಗಿಯರ ಕತೆ. 'ಟೈಮ್' ಪತ್ರಿಕೆ ಅದನ್ನು ವರ್ಷದ ಹತ್ತು ಶ್ರೇಷ್ಠ ಕಾದಂಬರಿಗಳಲ್ಲಿ ಸೇರಿಸಿತು. ತಾಯಿ ಕಾಗದ ಬರೆದದ್ದು ಮಾತ್ರ ಪತ್ರಿಕೆಯಲ್ಲಿ ಬಂದ ಮಗಳ ಫೋಟೋ ಎಷ್ಟು ಕೆಟ್ಟದಾಗಿದೆ ಅನ್ನೋದರ ಬಗ್ಗೆ! 'ದ ಲಾಟರಿ' ಬಂದಾಗಲೂ ಆಕೆ ಅಷ್ಟೇ, ಅಪ್ಪನಿಗೂ ನನಗೂ ಹಿಡಿಸಲಿಲ್ಲ, ಜನಕ್ಕೆ ಖುಷಿಯಾಗೋದು ಏನಾದ್ರೂ ಬರೀಬಾರದಾ ಅಂದಿದ್ದವರು. ಈ ಸಲ ಶರ್ಲಿ ಸಿಟ್ಟಿನಲ್ಲೊಂದು ಉತ್ತರ ಬರೆದರು. ಅದನ್ನು ಅಂಚೆಗೆ ಹಾಕಲಿಲ್ಲ.

ಆ ಚಳಿಗಾಲ ಆಕೆಗೆ ಮನೆಯಿಂದ ಹೊರಗೆ ಕಾಲಿಡೋಕಾಗಲಿಲ್ಲ. ಅಂಚೆ ಕಚೇರಿಗೆ ಹೋಗಿ ಬರೋದೂ ಕಷ್ಟವಾಯಿತು. ತಾನು ಬರೆದ ಪಾತ್ರಗಳ ಹಾಗೆ ತಾನೂ ಬಾಗಿಲ ಹಿಂದೆ ಸಿಕ್ಕಿಬಿದ್ದರು. ತೂಕ ಇಳಿಸೋಕೆ ಒಂದು ಮಾತ್ರೆ, ಮನಸ್ಸು ತಣಿಸೋಕೆ ಇನ್ನೊಂದು, ಜೊತೆಗೆ ಸಿಗರೇಟು. ಮನೋವೈದ್ಯರ ನೆರವಿನಿಂದ ನಿಧಾನವಾಗಿ ಚೇತರಿಸಿಕೊಂಡು ಮತ್ತೆ ಬರೆಯೋಕೆ ಕೂತರು. 1965ರ ಆಗಸ್ಟ್ 8ರ ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಹೃದಯ ನಿಂತಿತ್ತು. ವಯಸ್ಸು 48.

ಆಮೇಲೆ ಬಹಳ ಕಾಲ ಆಕೆ ಅಂದ್ರೆ ಪಠ್ಯಪುಸ್ತಕದ ಒಂದು ಕತೆ ಅಷ್ಟೇ ಆಗಿತ್ತು. ತೀರಿಕೊಂಡ ಮರುವರ್ಷವೇ ಸ್ಟ್ಯಾನ್ಲಿ ಒಂದು ಸಂಕಲನ ತಂದು, ಈಕೆಯ ಬರಹ ಒಬ್ಬಳ ಮನೋವ್ಯಾಧಿಯಲ್ಲ, ನಮ್ಮ ಕಾಲದ್ದೇ ಚಿತ್ರ ಅಂತ ಮುನ್ನುಡಿಯಲ್ಲಿ ವಾದಿಸಿದರು. ಜನ ಅದನ್ನು ಒಪ್ಪೋಕೆ ಅರ್ಧ ಶತಮಾನ ಹಿಡಿಯಿತು. 2016ರಲ್ಲಿ ರೂತ್ ಫ್ರಾಂಕ್ಲಿನ್ ಬರೆದ ಜೀವನಚರಿತ್ರೆ ಬಂದಾಗ, ದೆವ್ವದ ಕತೆಯವಳೂ ಹಾಸ್ಯದವಳೂ ಒಬ್ಬಳೇ ಅನ್ನೋದು ಮೊದಲ ಸಲ ಬಹಳ ಜನಕ್ಕೆ ಕಣ್ಣಿಗೆ ಕಟ್ಟಿತು.

ಇಷ್ಟಾದ ಮೇಲೂ ಒಂದು ತಮಾಷೆ ನೋಡಿ. 2020ರಲ್ಲಿ ಆಕೆಯನ್ನೇ ಮುಖ್ಯಪಾತ್ರ ಮಾಡಿ 'ಶರ್ಲಿ' ಅನ್ನೋ ಸಿನಿಮಾ ಬಂತು. ಎಲಿಸಬೆತ್ ಮಾಸ್ ಚೆನ್ನಾಗೇ ಅಭಿನಯಿಸಿದ್ದಾರೆ. ಅರೆಗತ್ತಲ ಮನೆ, ಕುಡಿತ, ಹುಚ್ಚು, ಪ್ರತಿಭೆ ಎಲ್ಲ ಇದೆ. ಮಕ್ಕಳು ಮಾತ್ರ ಇಲ್ಲ, ನಾಲ್ಕಕ್ಕೆ ನಾಲ್ಕೂ ಮಾಯ! 1948ರ ಆಸ್ಪತ್ರೆ ಪುಸ್ತಕದಲ್ಲಿ ತಾಯಿಗೆ ಜಾಗ ಸಿಗಬೇಕಾದ್ರೆ ಲೇಖಕಿಯನ್ನು ಅಳಿಸಬೇಕಾಯಿತು. 2020ರ ಪರದೆಯ ಮೇಲೆ ಲೇಖಕಿಗೆ ಜಾಗ ಸಿಗಬೇಕಾದ್ರೆ ತಾಯಿಯನ್ನು ಅಳಿಸಬೇಕಾಯಿತು. ಎಪ್ಪತ್ತು ವರ್ಷದಲ್ಲಿ ಆ ಕಾಲಂ ಅಗಲವಾಗಲೇ ಇಲ್ಲ. ಆಫೀಸಲ್ಲಿ ಹೆರಿಗೆ ರಜೆ ಮುಗಿಸಿ ಬಂದ ಸಹೋದ್ಯೋಗಿ ಸಂಜೆ ಐದಕ್ಕೆ ಎದ್ದು ಹೊರಟಾಗ, ಮೀಟಿಂಗ್ ರೂಮಿನಲ್ಲಿ ಕಣ್ಣುಗಳು ಗಡಿಯಾರ ನೋಡೋದನ್ನು ನಾವೆಲ್ಲ ಕಂಡವರೇ. ಯಾಕೆ ಅಂತ ಕೇಳಿದ್ರೆ, ಮೊದಲಿಂದ್ಲೂ ಹಂಗೇ.

ಸಾಯುವಾಗ ಆಕೆಯ ಟೈಪ್‌ರೈಟರಿನ ಪಕ್ಕ ಒಂದು ಅರ್ಧ ಬರೆದ ಕಾದಂಬರಿ ಉಳಿದಿತ್ತು, 'ಕಮ್ ಅಲಾಂಗ್ ವಿತ್ ಮಿ'. 1968ರಲ್ಲಿ ಅಚ್ಚಾಯಿತು. ಗಂಡ ತೀರಿಕೊಂಡ ನಡುವಯಸ್ಸಿನ ಹೆಂಗಸೊಬ್ಬಳು ಮನೆ ಮಾರಿ, ಗೊತ್ತಿಲ್ಲದ ಊರಿಗೆ ಹೋಗಿ, ತನಗೆ ತಾನೇ ಹೊಸ ಹೆಸರಿಟ್ಟುಕೊಳ್ಳೋ ಕತೆ. ಆಶ್ಚರ್ಯ ಅಂದ್ರೆ ಅದು ನಗೆಯಿಂದ ತುಂಬಿದೆ. ಅದರಲ್ಲಿ ಸತ್ತವರು ಬಂದು ಮಾತಾಡ್ತಾರೆ, ಆದರೆ ಅವರನ್ನು ಕಂಡು ಅವಳು ಹೆದರಲ್ಲ.

ಈ ಶನಿವಾರ ಬಿಡುವಿದ್ದರೆ ಹೀಗೆ ಮಾಡಿ. ಬೆಳಗ್ಗೆ ಕಾಫಿ ಜೊತೆ 'ಚಾರ್ಲ್ಸ್' ಓದಿ, ಮಧ್ಯಾಹ್ನ ಊಟಕ್ಕೆ ಮೊದಲು 'ದ ಲಾಟರಿ' ಓದಿ. ಎರಡೂ ಸೇರಿ ಅರ್ಧ ಗಂಟೆ. ಓದಿದ ಮೇಲೆ ಡೇವಿಯ ಕೈಗೆ ಕಲ್ಲು ಕೊಟ್ಟವರು ಯಾರು ಅಂತ ಹುಡುಕಿ ನೋಡಿ. ಶರ್ಲಿ ಹೆಸರು ಹೇಳಿಲ್ಲ, ಯಾರೋ ಅಂತಷ್ಟೇ ಬರೆದಿದ್ದಾರೆ.